ಆತ್ರಿ ಬಾಯಾರ

ನಾನು ನಿವೃತ್ತಳಾದ ದಿನ ಮುಂಡರಗಿಯಲ್ಲಿ ನನಗೆ ಶಾಲು ಹೊದಿಸಿ ಮಾತಾಡಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಸಿಸ್ಟರ್ ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಆದರೆ ಇಷ್ಟು ವರ್ಷದ ಸೇವೆಯಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ. ಮೊದಲನೆಯ ಮಾತು ನಿಜ, ಅದಕ್ಕೆ ನನ್ನ ಮಕ್ಕಳೇ ಸಾಕ್ಷಿ. ಎರಡನೆಯ ಮಾತು ಬಂದಾಗಲೆಲ್ಲ ನಾನು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದೆ. ಜನ ಅದನ್ನು ವಿನಯ ಅಂದುಕೊಂಡರು. ಚುಕ್ಕೆ ಇತ್ತು. ಕಾಗದದ ಮೇಲೆ ಇರಲಿಲ್ಲ, ಅಷ್ಟೆ. ಕಾಗದದ ಮೇಲೆ ಬಾರದ ಹಾಗೆ ನೋಡಿಕೊಂಡವಳು ನಾನೇ.

ಆ ಸಂಗತಿಯನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಅರ್ಧ ಹೇಳಿದ್ದೇನೆ, ತಪ್ಪೆಲ್ಲ ರೋಗಿಯದೇ ಅನಿಸುವ ಹಾಗೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ, ‘ನೋಡ್ರೇ, ಔಷಧ ತಗೊಳ್ಳದ ಮಂದಿ ಹೆಂಗ ಇರ್ತಾರ’ ಎಂದು ಪಾಠ ಹೇಳುವಾಗ ಆ ಅರ್ಧವನ್ನೇ ಬಳಸಿಕೊಂಡಿದ್ದೇನೆ. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ.

ಗದಗ ಹೊಸ ಜಿಲ್ಲೆಯಾಗಿ ಕೆಲವೇ ವರ್ಷಗಳಾಗಿದ್ದವು. ನಮಗೆ ಬರುವ ನಮೂನೆಗಳ ಮೇಲೆ ಇನ್ನೂ ‘ಧಾರವಾಡ ಜಿಲ್ಲೆ’ ಎಂದೇ ಅಚ್ಚಾಗಿರುತ್ತಿತ್ತು. ಅದನ್ನು ಹೊಡೆದುಹಾಕಿ ಮೇಲೆ ಪೆನ್ನಿನಲ್ಲಿ ‘ಗದಗ’ ಎಂದು ಬರೆಯುವುದೇ ನನ್ನ ಬೆಳಗಿನ ಮೊದಲ ಕೆಲಸ. ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ನಡುವಿನ ಒಂದು ಊರಿನ ಉಪಕೇಂದ್ರದಲ್ಲಿ ನಾನೊಬ್ಬಳೇ ನರ್ಸ್. ಡಾಕ್ಟರು ವಾರಕ್ಕೊಮ್ಮೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಹೆರಿಗೆ, ಚುಚ್ಚುಮದ್ದು, ಜ್ವರ, ಚೇಳು ಕಡಿದದ್ದು, ಗಂಡ ಹೊಡೆದದ್ದು, ಎಲ್ಲಕ್ಕೂ ನಾನೇ. ಧಾರವಾಡದ ಕಾಲದಲ್ಲಿ ಮೇಲಿನವರು ನಮ್ಮ ಕಡೆ ಬರುವುದು ಅಪರೂಪ, ಬಂದರೂ ಎರಡು ದಿನ ಮೊದಲೇ ಖಬರು ಮುಟ್ಟುತ್ತಿತ್ತು. ಈಗ ಗದಗಿನಲ್ಲಿ ಚಹಾ ಕುಡಿದು ಹೊರಟ ಜೀಪು, ಸೊರಟೂರು ದಾಟಿ, ಆ ಚಹಾದ ರುಚಿ ಬಾಯಲ್ಲಿರುವಾಗಲೇ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಹೊಸ ಜಿಲ್ಲೆ ಹಿಂದೆ ಬೀಳಬಾರದು ಎಂಬ ಹುಮ್ಮಸ್ಸು ಎಲ್ಲರಿಗೂ ಇತ್ತು. ನನಗೂ ಇತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೈಸಿಕೊಳ್ಳದೆ ಸಂಜೆಯಾದರೆ ಸಾಕಾಗಿತ್ತು ನನಗೆ.

ಕ್ಷಯಕ್ಕೆ ಆಗ ಹೊಸ ಪದ್ಧತಿ ಬಂದಿತ್ತು. ಪ್ರತಿ ರೋಗಿಗೂ ಆರು ತಿಂಗಳ ಗುಳಿಗೆ ತುಂಬಿದ ಒಂದೊಂದು ಪೆಟ್ಟಿಗೆ, ಮೇಲೆ ರೋಗಿಯ ಹೆಸರು. ಮೊದಲ ಎರಡು ತಿಂಗಳು ವಾರಕ್ಕೆ ಮೂರು ದಿನ ನನ್ನ ಕಣ್ಣೆದುರೇ ನುಂಗಬೇಕು, ನುಂಗಿದ ಮೇಲೆ ನಾನು ಕಾರ್ಡಿನಲ್ಲಿ ಗುರುತು ಹಾಕಬೇಕು. ಆಮೇಲಿನ ನಾಲ್ಕು ತಿಂಗಳು ವಾರಕ್ಕೊಮ್ಮೆ ಬಂದು ಒಂದು ಸಲದ್ದನ್ನು ನನ್ನೆದುರು ನುಂಗಿ, ಉಳಿದದ್ದನ್ನು ಮನೆಗೆ ಒಯ್ಯಬಹುದು. ಮುಂದಿನ ವಾರ ಬರುವಾಗ ಗುಳಿಗೆ ತೆಗೆದ ಖಾಲಿ ಹಾಳೆ ತಂದು ಕೊಡಬೇಕು. ನಡುವೆ ಬಿಟ್ಟರೆ ರೋಗ ಮತ್ತೆ ಏಳುತ್ತದೆ, ಎದ್ದ ರೋಗ ಅದೇ ಗುಳಿಗೆಗೆ ಬಗ್ಗುವುದಿಲ್ಲ. ತರಬೇತಿಯಲ್ಲಿ ಇದನ್ನೆಲ್ಲ ಹೇಳಿದ ಮೇಲೆ ಇನ್ನೂ ಎರಡು ಮಾತು ಹೇಳಿದ್ದರು, ನಾನು ಬರೆದುಕೊಂಡಿದ್ದೆ. ರೋಗಿ ಒಲ್ಲೆ ಅಂದರೆ ಬಲವಂತ ಮಾಡುವ ಅಧಿಕಾರ ನಿಮಗಿಲ್ಲ, ತಿಳಿಸಿ ಹೇಳಿ, ಕೇಳದಿದ್ದರೆ ಡಾಕ್ಟರಿಗೆ ಬರೆದು ತಿಳಿಸಿ. ರೋಗಿಯ ರೋಗ ರೋಗಿಯ ಗುಟ್ಟು, ಅದನ್ನು ಊರಿನ ಮುಂದೆ ಆಡುವ ಹಾಗಿಲ್ಲ.

ನನ್ನ ಹತ್ತಿರ ಪೆಟ್ಟಿಗೆ ಬಂದವರಲ್ಲಿ ಒಬ್ಬರು ಊರಿನ ಪಿಂಜಾರರು, ಗಾದಿ ತುಂಬುವವರು. ನನಗಿಂತ ಹತ್ತು ವರ್ಷ ದೊಡ್ಡವರಿದ್ದಾರು. ಸಣಕಲು ಮೈ, ಮೆತ್ತಗಿನ ಮಾತು. ಅರಳೆ ಹಿಂಜಿ ಹಿಂಜಿ ಅವರ ಗಡ್ಡದಲ್ಲಿ, ಹುಬ್ಬಿನಲ್ಲಿ ಸದಾ ಒಂದಿಷ್ಟು ಬಿಳಿ ನೂಲು ಕೂತಿರುತ್ತಿತ್ತು. ಕೆಮ್ಮು ಆ ಧೂಳಿನಿಂದ ಎಂದುಕೊಂಡೇ ಬಹಳ ದಿನ ಕಳೆದಿದ್ದರು. ಲಕ್ಷ್ಮೇಶ್ವರದಲ್ಲಿ ಕಫ ಪರೀಕ್ಷೆಯಾಗಿ ಕ್ಷಯ ಎಂದು ಗೊತ್ತಾದ ದಿನ ಉಪಕೇಂದ್ರದ ಹಿಂದಿನ ಬಾಗಿಲಿನಿಂದ ಬಂದರು. ಮುಂದಿನ ಬಾಗಿಲಿಗೆ ಬಸ್ಸು ನಿಲ್ಲುವ ಜಾಗ, ಅದರ ಪಕ್ಕ ಚಹಾದಂಗಡಿ.

‘ಬಾಯಾರ, ನಾ ಗಾದಿ ಮಾಡೋ ಮನಶ್ಯಾ’ ಅಂದರು, ನರ್ಸನ್ನು ನಮ್ಮ ಕಡೆ ಕರೆಯುವುದೇ ಹಾಗೆ. ‘ಊರ ಮಂದಿ ನಾ ತುಂಬಿದ್ದರ ಮ್ಯಾಲ ಮಲಗ್ತಾರ. ಟೀಬಿ ಅಂತ ಗೊತ್ತಾದ್ರ ನಾಳಿಂದ ಯಾರು ಅರಳಿ ಕೊಡ್ತಾರ್ರಿ ನನಗ?’

‘ಗಾದಿಯಿಂದ ಅದು ಹಬ್ಬಂಗಿಲ್ರಿ ಅಣ್ಣಾರ. ಕೆಮ್ಮಿದಾಗ ಗಾಳಿಯಿಂದ ಹಬ್ಬೂದು. ಗುಳಿಗಿ ಚಾಲೂ ಮಾಡಿದ್ರ ಅದೂ ನಿಂದರ್ತೈತಿ.’

‘ಅದು ನಿಮಗ ಗೊತ್ತು. ನೀವು ಹೇಳಿದ್ರಿ, ನನಗೂ ಗೊತ್ತಾತು. ಊರಿಗೆ ಗೊತ್ತೈತೇನ್ರಿ?’

‘ನನ್ನ ಬಾಯಿಂದ ಒಂದು ಮಾತು ಹೊರಗ ಬೀಳಂಗಿಲ್ಲ. ಆಣಿ ಮಾಡ್ಲೇನು?’

‘ಆಣಿ ಬ್ಯಾಡ್ರಿ. ನಿಮ್ಮ ಮಾತ ಸಾಕು’ ಅಂದರು.

ಮೊದಲ ಎರಡು ತಿಂಗಳು ಅವರು ಒಂದು ದಿನವೂ ತಪ್ಪಿಸಲಿಲ್ಲ. ಚಹಾದಂಗಡಿಯ ಒಲೆ ಹೊತ್ತುವ ಮೊದಲೇ ಬಂದು ಹಿಂದಿನ ಕಿಟಕಿಯನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು. ನಾನು ನೀರು ಕೊಡುತ್ತಿದ್ದೆ. ಒಂದೊಂದೇ ಗುಳಿಗೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಕಹಿ ತಿಂದ ಮಗುವಿನ ಹಾಗೆ ಮುಖ ಮಾಡುತ್ತಿದ್ದರು. ಕೆಮ್ಮು ನಿಂತಿತು. ಮೈ ತುಂಬಿಕೊಂಡಿತು. ಕಫದಲ್ಲಿ ರೋಗದ ಸುಳಿವಿಲ್ಲ ಎಂದು ಕಾಗದ ಬಂದ ದಿನ ಅವರ ಹೆಂಡತಿ ನಮ್ಮ ಮನೆಗೆ ಒಂದು ಡಬ್ಬಿ ಸಿರ್‌ಖುರ್ಮಾ ಮಾಡಿ ಕಳಿಸಿದ್ದರು. ಮಕ್ಕಳು ತಿಂದು ಡಬ್ಬಿ ನೆಕ್ಕಿದರು. ನಾನು ದೊಡ್ಡ ಸಾಧನೆ ಮಾಡಿದವಳ ಹಾಗೆ ಅಡ್ಡಾಡಿದೆ.

ಮುಂದಿನ ನಾಲ್ಕು ತಿಂಗಳಲ್ಲಿ ಎಲ್ಲ ಕೆಟ್ಟಿತು. ಅದಕ್ಕೆ ಕಾರಣ ನಮ್ಮ ಕಡೆಯ ಒಂದು ಮಾತು. ಮಾತಿನ ಮೇಲೆ ಹಾಕಿ ನಾನು ಜಾರಿಕೊಳ್ಳುತ್ತಿಲ್ಲ.

ನಮ್ಮಲ್ಲಿ ‘ಆತು’ ಅಂದರೆ ಮುಗಿಯಿತು ಎಂದು ಅರ್ಥ. ಆಗಲಿ ಎಂದೂ ಅರ್ಥ. ಊಟ ಆತು ಅಂದರೆ ಉಂಡಾಗಿದೆ. ‘ನಾಳಿ ಬಾ’ ಅಂದಾಗ ‘ಆತು’ ಅಂದರೆ ಬರುತ್ತೇನೆ, ಎಷ್ಟೋ ಸಲ ಬರುವುದಿಲ್ಲ ಎಂದೇ ಅದರ ಅರ್ಥ. ಮಾಸ್ತರರು, ತಲಾಠಿ, ನರ್ಸ್, ಹೀಗೆ ಸರಕಾರದ ಕಡೆಯವರು ಏನಾದರೂ ಹೇಳಿದರೆ ನಮ್ಮ ಜನ ಮುಖಕ್ಕೆ ಒಲ್ಲೆ ಅನ್ನುವುದಿಲ್ಲ. ಅದು ಮರ್ಯಾದೆಯಲ್ಲ. ‘ಆತ್ರಿ’ ಅಂದು ಕಳಿಸಿಬಿಡುತ್ತಾರೆ. ಬೆಂಗಳೂರು ಮೈಸೂರು ಕಡೆಯಿಂದ ಬಂದ ನರ್ಸ್ ಈ ಮಾತಿಗೆ ಮೋಸಹೋದರೆ ಯಾರೂ ತಪ್ಪು ಹಿಡಿಯಲಾರರು. ನನ್ನ ತವರು ಡಂಬಳದ ಹತ್ತಿರ. ಇದೇ ‘ಆತು’ವನ್ನು ನಮ್ಮ ಅವ್ವನಿಗೆ ದಿನಕ್ಕೆ ಹತ್ತು ಸಲ ಅಂದು, ಹೇಳಿದ್ದರಲ್ಲಿ ಒಂದನ್ನೂ ಮಾಡದೆ ಬೆಳೆದವಳು ನಾನು.

ಕೆಮ್ಮು ನಿಂತ ಮೇಲೆ ಅವರು ಕಿಟಕಿ ತಟ್ಟುವುದನ್ನು ಬಿಟ್ಟರು. ಮದುವೆಗಳ ಕಾಲ, ಗಾದಿಯ ಕೆಲಸ ಬಹಳ ಇತ್ತು. ನಾನೇ ಚುಚ್ಚುಮದ್ದಿಗೆ ಓಣಿಯ ಕಡೆ ಹೋಗುವಾಗ ವಾರದ ಗುಳಿಗೆಯ ಹಾಳೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ಅವರ ಅಂಗಡಿಯಲ್ಲಿ ಕೊಟ್ಟು ಹೋಗತೊಡಗಿದೆ. ಅವರು ಕುಕ್ಕುರುಗಾಲಲ್ಲಿ ಕೂತು ದಬ್ಬಣದಿಂದ ಗಾದಿಗೆ ಹೊಲಿಗೆ ಹಾಕುತ್ತಿರುತ್ತಿದ್ದರು. ನಾನು ನಿಲ್ಲುತ್ತಲೂ ಇರಲಿಲ್ಲ.

‘ಗುಳಿಗಿ ಆತೇನ್ರಿ ಅಣ್ಣಾರ?’

‘ಆತ್ರಿ ಬಾಯಾರ.’

ಅಷ್ಟೇ. ಉಪಕೇಂದ್ರಕ್ಕೆ ಬಂದು ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದೆ. ನನ್ನೆದುರು ನುಂಗಬೇಕಾದ ಗುಳಿಗೆಗೂ ಗುರುತು, ಮನೆಯಲ್ಲಿ ನುಂಗಬೇಕಾದದ್ದಕ್ಕೂ ಗುರುತು. ‘ನುಂಗಿದಿರೇನು? ಖಾಲಿ ಹಾಳಿ ತೋರಿಸ್ರಿ’ ಎಂದು ಕೇಳಬಹುದಿತ್ತು. ಹಾಗೆ ಕೇಳಿದರೆ ಇಲ್ಲ ಎಂಬ ಉತ್ತರ ಬರಬಹುದು, ಬಂದರೆ ತಿಳಿಸಿ ಹೇಳಬೇಕು, ಡಾಕ್ಟರಿಗೆ ಬರೆಯಬೇಕು, ದಿನಾ ಅಲೆಯಬೇಕು. ಅದಕ್ಕೇ ‘ಆತೇನ್ರಿ’ ಎಂದು ಕೇಳುತ್ತಿದ್ದೆ. ಆ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಒಂದೇ ಉತ್ತರ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ರಂಜಾನ್ ತಿಂಗಳೂ ನಡುವೆ ಬಂತು. ಹಗಲು ಒಂದು ಗುಟುಕು ನೀರೂ ಕುಡಿಯದ ಮನುಷ್ಯ ಗುಳಿಗೆಯನ್ನು ಯಾವಾಗ ನುಂಗುತ್ತಾನೆ ಎಂಬ ಯೋಚನೆ ನನಗೆ ಬಂದಿತ್ತು. ಸಂಜೆ ಉಪವಾಸ ಬಿಟ್ಟ ಮೇಲೆ ತಗೊಳ್ರಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ತಿಂಗಳೂ ‘ಆತೇನ್ರಿ’ ಅಂದೆ, ಅವರು ‘ಆತ್ರಿ’ ಅಂದರು, ನಾನು ಗುರುತು ಹಾಕಿದೆ.

ಪೆಟ್ಟಿಗೆ ಮುಗಿಯಲು ಕೆಲವು ವಾರ ಉಳಿದಿದ್ದಾಗ ಗದಗಿನಿಂದ ಮೇಲ್ವಿಚಾರಕರು ಬಂದರು. ವಯಸ್ಸಾದವರು, ಕನ್ನಡಕವನ್ನು ಮೂಗಿನ ಮೇಲೆ ಇಳಿಸಿಕೊಂಡು ನಿಧಾನವಾಗಿ ಓದುವವರು. ನನ್ನ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು.

‘ಭಾಳ ಚಂದ ಐತಿ ಸಿಸ್ಟರ್. ಒಂದ ದಿನ, ಒಂದ ಪೆನ್ನಿಲೆ ಹಾಕಿದಂಗ ಐತಿ. ಖಾಲಿ ಹಾಳಿ ಎಲ್ಲಿ ಅದಾವು?’

‘ಮನ್ಯಾಗ ಅದಾವ್ರಿ ಸರ್.’

‘ಯಾರ ಮನ್ಯಾಗ?’

ಅವರೇನೂ ಕೂಗಾಡಲಿಲ್ಲ. ‘ಇವತ್ತ ಲಕ್ಷ್ಮೇಶ್ವರಕ್ಕ ಹೊಂಟೀನಿ. ನಾಳಿ ಮಧ್ಯಾಹ್ನ ಹೊಳ್ಳಿ ಇದ ದಾರೀಲೆ ಬರ್ತೀನಿ. ಹಾಳಿ ತೋರಿಸ್ರಿ. ಇಲ್ಲಂದ್ರ ಸುಳ್ಳು ದಾಖಲೆ ಅಂತ ಬರಿಬೇಕಾಗ್ತೈತಿ. ಅದು ನೌಕರಿಗೆ ಬರೂ ಮಾತು, ನಿಮಗ ಗೊತ್ತಿರಬೇಕು’ ಅಂದರು.

ಜೀಪು ಹೋದ ಮೇಲೆ ನೌಕರಿಯ ಹೆದರಿಕೆ ಹಿಡಿಯಿತು. ಎರಡು ಮಕ್ಕಳು ಶಾಲೆಗೆ ಹೋಗುತ್ತಿದ್ದವು, ಗಂಡನಿಗೆ ಗಟ್ಟಿ ಕೆಲಸವಿರಲಿಲ್ಲ. ಆ ಹೆದರಿಕೆ ಒಂದಿಷ್ಟು ಹೊತ್ತಿನಲ್ಲಿ ಸಿಟ್ಟಾಯಿತು. ನನ್ನ ಸ್ವಭಾವವೇ ಹಾಗೆ, ತಪ್ಪು ನನ್ನದಾದಷ್ಟೂ ಸಿಟ್ಟು ಇನ್ನೊಬ್ಬರ ಮೇಲೆ ಹೋಗುತ್ತದೆ. ತಲೆ ಸುಡುವ ಬಿಸಿಲಿನಲ್ಲಿ ದಡದಡ ನಡೆದು ಗಾದಿಯ ಅಂಗಡಿಗೆ ಹೋದೆ.

ಅವತ್ತು ಅವರು ಮದುವೆಯ ಗಾದಿ ತುಂಬುತ್ತಿದ್ದರು. ನಮ್ಮ ಕಡೆ ಮಗಳ ಮದುವೆಗೆ ಹೊಸ ಹಾಸಿಗೆ ಮಾಡಿಸುವವರು ಸ್ವಂತ ಹೊಲದ ಅರಳೆ ತಂದು, ತುಂಬಿ ಮುಗಿಯುವ ತನಕ ಎದುರೇ ಕೂತು ಕಾಯುತ್ತಾರೆ. ಹೊಸ ಅರಳೆ ತೆಗೆದಿಟ್ಟು ಹಳೆಯದನ್ನು ತುಂಬಿಬಿಟ್ಟರೆ ಎಂಬ ಅನುಮಾನಕ್ಕೆ ಹುಟ್ಟಿದ ರೂಢಿ ಅದು, ಈಗ ಶಾಸ್ತ್ರದ ಹಾಗೆ ನಡೆಯುತ್ತದೆ. ಊರಿನ ಹೊಲಮನೆಯುಳ್ಳ ಮನೆತನದ ಹೆಣ್ಣುಮಗಳೊಬ್ಬಳು ತನ್ನ ಇಬ್ಬರು ನೆಗೆಣ್ಣಿಯರ ಜೊತೆ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಅವರನ್ನು ನಾನು ನೋಡಿದೆ. ನೋಡಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನೋಡಿದ್ದೆ.

‘ಗುಳಿಗಿ ಎಲ್ಲಿ ಅದಾವು?’ ಅಂದೆ.

ಅವರು ದಬ್ಬಣ ಕೆಳಗಿಟ್ಟು ಎದ್ದು ನಿಂತರು. ಕಣ್ಣಿನಲ್ಲೇ, ಮಂದಿ ಅದಾರ, ಆಮೇಲೆ, ಎಂದು ಬೇಡಿಕೊಂಡರು. ‘ಒಳಗ ಬರ್ರಿ ಬಾಯಾರ, ನೀರು ಕುಡೀರಿ’ ಅಂದರು.

‘ನೀರು ಬ್ಯಾಡ. ಆತ್ರಿ ಆತ್ರಿ ಅಂತ ಬಾಯಿ ತುಂಬ ಅಂದ್ರಲ್ಲ, ಏನ್ ಆತು? ಟೀಬಿ ಗುಳಿಗಿ ನುಂಗದ ನನಗ ಸುಳ್ಳು ಹೇಳ್ತೀರೇನು? ಊರಿಗೆಲ್ಲಾ ಹಚ್ಚಿಬಿಡಬೇಕಂತ ಮಾಡೀರೇನು?’

ಈ ಕೊನೆಯ ಮಾತನ್ನು ಯಾಕೆ ಅಂದೆ ಎಂದು ಇಂದಿಗೂ ನನಗೆ ತಿಳಿಯದು. ಅದು ನಿಜವಲ್ಲ ಎಂದು ಆ ಓಣಿಯಲ್ಲಿ ಅವರನ್ನು ಬಿಟ್ಟರೆ ಗೊತ್ತಿದ್ದವಳು ನಾನೊಬ್ಬಳೇ. ಕಟ್ಟೆಯ ಮೇಲಿನ ಹೆಣ್ಣುಮಗಳು ಬಾಯಲ್ಲಿದ್ದ ಎಲೆಯನ್ನು ಉಗಿದು ಎದ್ದಳು. ಅರ್ಧ ತುಂಬಿದ ಗಾದಿಯನ್ನೂ ಪಕ್ಕದಲ್ಲಿ ರಾಶಿ ಹಾಕಿದ್ದ ತಮ್ಮ ಹೊಲದ ಅರಳೆಯನ್ನೂ ಒಮ್ಮೆ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, ನೆಗೆಣ್ಣಿಯರ ಜೊತೆ ಹೊರಟುಹೋದಳು. ಅರಳೆಯನ್ನು ಒಯ್ಯಲೂ ಇಲ್ಲ.

ಪಿಂಜಾರರು ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದು ನನ್ನ ಕೈಗಿಟ್ಟರು. ಬಿಚ್ಚಿದರೆ ನಾನು ಕೊಟ್ಟ ಹಾಳೆಗಳೆಲ್ಲ ಹೊಸದಾಗಿ ಹಾಗೇ ಇದ್ದವು, ಒಡೆಯದಿರಲೆಂದು ನಡುನಡುವೆ ಅರಳೆ ಇಟ್ಟಿದ್ದರು.

‘ಚೆಲ್ಲಿಲ್ರಿ ಬಾಯಾರ. ಸರಕಾರದ್ದು, ಚೆಲ್ಲಬಾರದಂತ ಇಟ್ಟಿದ್ದೆ’ ಅಂದರು.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ಊರಿನ ಗಾದಿಗಳೆಲ್ಲ ಹೊರಗೆ ಬಂದಿದ್ದವು. ಮಾಳಿಗೆಯ ಮೇಲೆ, ಹಿತ್ತಲಿನ ಗೋಡೆಯ ಮೇಲೆ, ಚಕ್ಕಡಿಯ ಮೂಕಿಯ ಮೇಲೆ, ಎಲ್ಲಿ ಬಿಸಿಲು ಬೀಳುತ್ತದೋ ಅಲ್ಲೆಲ್ಲ ಗಾದಿ. ಮಕ್ಕಳು ಉಚ್ಚೆ ಹೊಯ್ದ ಕಲೆ, ಅಜ್ಜಂದಿರ ತಲೆಯೆಣ್ಣೆಯ ಕಲೆ, ಯಾವ ಮನೆಯ ಮರ್ಯಾದೆಯನ್ನೂ ನೋಡದೆ ಎಲ್ಲವನ್ನೂ ಹೊರಗೆ ಹಾಕಿದ್ದರು. ಇಬ್ಬರು ತಮ್ಮ ಗಾದಿಯನ್ನು ತಿಪ್ಪೆಗೆ ಒಯ್ದು ಬೆಂಕಿ ಹಚ್ಚಿದ್ದರು. ಗಟ್ಟಿಯಾಗಿ ತುಂಬಿದ ಅರಳೆ ಬೇಗ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಆ ಹೊಗೆ ಊರಿನ ಮೇಲೆ ಎರಡು ದಿನ ಇತ್ತು.

ನಮ್ಮ ಮನೆಯ ಗಾದಿಯೂ ಅವರು ತುಂಬಿದ್ದೇ. ‘ನಮ್ಮದನ್ನೂ ಬಿಸಿಲಿಗೆ ಹಾಕೂನೇನು?’ ಎಂದು ಗಂಡ ಕೇಳಿದ.

‘ಗಾದಿಯಿಂದ ಬರೂದಿಲ್ಲದು’ ಅಂದೆ.

‘ಹಂಗಾದ್ರ ಅದನ್ನ ಊರಿಗೆ ಹೇಳಬಾರದೇನು?’

ನಾನು ಅವನಿಗೂ ರೇಗಿ ಒಳಗೆ ಹೋದೆ. ಚಹಾದಂಗಡಿಯ ಮುಂದೆ ನಿಂತು ಐದು ನಿಮಿಷ ಮಾತಾಡಿದ್ದರೆ ಸಾಕಿತ್ತು, ನಾನು ಹೇಳಿದ್ದನ್ನು ಆ ಊರು ಕೇಳುತ್ತಿತ್ತು. ಅಷ್ಟರ ಮಟ್ಟಿಗೆ ನನ್ನ ಮಾತಿಗೆ ಬೆಲೆ ಇತ್ತು, ಹಿಂದಿನ ದಿನ ಅದೇ ಬೆಲೆಯೇ ಅವರನ್ನು ಮುಳುಗಿಸಿತ್ತು. ಆದರೆ ರೋಗಿಯ ವಿಷಯ ಮತ್ತೆ ಬಾಯಿ ಬಿಟ್ಟರೆ ಅದು ನನ್ನ ತಪ್ಪಿಗೆ ಇನ್ನೊಂದು ಸಾಕ್ಷಿಯಾಗುತ್ತದೆ, ನಿಯಮ ಅದಕ್ಕೆ ಒಪ್ಪುವುದಿಲ್ಲ, ಎಂದು ನನಗೆ ನಾನೇ ಕಾನೂನು ಹೇಳಿಕೊಂಡೆ. ಬೇಡದ ಹೊತ್ತಿನಲ್ಲಿ ಮರೆತ ನಿಯಮವನ್ನು ನನಗೆ ಬೇಕಾದ ಹೊತ್ತಿನಲ್ಲಿ ನೆನಪಿಸಿಕೊಂಡೆ.

ಆ ಬೆಳಗ್ಗೆ ನನ್ನ ತಲೆಯಲ್ಲಿ ಇದ್ದದ್ದು ಅವರ ಅಂಗಡಿಯಲ್ಲ, ಮಧ್ಯಾಹ್ನ ಬರುವ ಜೀಪು. ಒಂದು ಬಿಳಿ ಹಾಳೆ ತೆಗೆದುಕೊಂಡು ಅವರ ಹೆಸರಿನಲ್ಲಿ ಬರೆದೆ. ನರ್ಸ್ ಅವರು ಪ್ರತಿ ವಾರ ಬಂದು ತಿಳಿಸಿ ಹೇಳಿದರೂ ನಾನು ಸ್ವಂತ ಇಚ್ಛೆಯಿಂದ ಗುಳಿಗೆ ತೆಗೆದುಕೊಂಡಿರುವುದಿಲ್ಲ. ತೆಗೆದುಕೊಂಡಿದ್ದೇನೆಂದು ಅವರಿಗೆ ಸುಳ್ಳು ಹೇಳಿರುತ್ತೇನೆ. ಮುಂದೆ ಆಗುವುದಕ್ಕೆಲ್ಲ ನಾನೇ ಹೊಣೆ. ನನ್ನ ಅಕ್ಷರ ಯಾವತ್ತೂ ದುಂಡಗೆ, ಅವತ್ತೂ ದುಂಡಗೇ ಬಂತು. ಆ ಕಾಗದ ಹಿಡಿದುಕೊಂಡು, ಗೋಡೆಗೋಡೆಯ ಮೇಲೆ ಒಣಗುತ್ತಿದ್ದ ಗಾದಿಗಳ ನಡುವೆ ನಡೆದು ಅವರ ಮನೆಗೆ ಹೋದೆ.

ಮನೆಯ ಮುಂಭಾಗವೇ ಅಂಗಡಿ, ಅದರ ಬಾಗಿಲು ಅರ್ಧ ಎಳೆದಿತ್ತು. ಅವರು ಒಳಗೆ ಸುಮ್ಮನೆ ಕೂತಿದ್ದರು. ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದವರು ನನ್ನನ್ನು ನೋಡಿ ಬದಿಗೆ ಸರಿದರು, ಬರ್ರಿ ಅನ್ನಲಿಲ್ಲ.

‘ಗುಳಿಗಿ ಯಾಕ ಬಿಟ್ರಿ ಅಣ್ಣಾರ?’ ಎಂದು ಕೇಳಿದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಕೇಳಿದ್ದು ಅದು.

‘ಮೊದಲಿನ ಎರಡು ತಿಂಗಳೂ ಹೊಟ್ಯಾಗ ಬೆಂಕಿ ಬಿದ್ದಂಗ ಆಗತಿತ್ರಿ. ನುಂಗಿದ ಮ್ಯಾಲ ದಿನಪೂರ್ತಿ ವಾಕರಿಕಿ. ದಬ್ಬಣ ಹಿಡದ್ರ ಕೈ ಜೋಲಿ ಹೊಡಿಯೂದು. ಕೆಮ್ಮು ಹೆಂಗೂ ಹೋಗಿತ್ತಲ್ರಿ, ಹಿಂಗಾಗಿ ಬಿಟ್ಟೆ.’

‘ನನಗ ಹೇಳಬೇಕಿತ್ತಲ್ರಿ.’

‘ನೀವು ಬಿಸಿಲಾಗ ಮನಿತನಾ ತಂದು ಕೊಡ್ತಿದ್ರಿ. ನಿಮಗ ಒಲ್ಲೆ ಅಂತ ಹೆಂಗ ಅನ್ನೂದ್ರಿ ಬಾಯಾರ?’

ವಾಕರಿಕೆಗೆ ನನ್ನ ಕಪಾಟಿನಲ್ಲೇ ಔಷಧವಿತ್ತು. ಉಂಡ ಮೇಲೆ ನುಂಗಿ ಎಂದು ಹೇಳಿದ್ದರೆ ಅರ್ಧ ಕಡಿಮೆಯಾಗುತ್ತಿತ್ತು. ಅವತ್ತಾದರೂ ಆ ಮಾತು ಹೇಳಬಹುದಿತ್ತು, ನಾಳೆಯಿಂದ ಹೊಸದಾಗಿ ಶುರು ಮಾಡೋಣ ಬನ್ನಿ ಎಂದು ಕರೆಯಬಹುದಿತ್ತು. ನಾನು ಕಾಗದ ಚಾಚಿದೆ.

‘ಗುಳಿಗಿ ಒಗ್ಗವಲ್ವು, ಬ್ಯಾರೇ ಔಷಧ ಕೊಡ್ರಿ ಅಂತ ಮ್ಯಾಲಿನವರಿಗೆ ಬರ್ದೀನ್ರಿ. ಇಲ್ಲೆ ಒಂದು ಸಹಿ ಹಾಕ್ರಿ’ ಅಂದೆ.

ಅವರು ಕಾಗದವನ್ನು ಬೆಳಕಿನ ಕಡೆ ಹಿಡಿದು ಬಹಳ ಹೊತ್ತು ನೋಡಿದರು. ಓದಲು ಬಾರದವರು ಬರಹವನ್ನು ಹಾಗೆ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಪೆನ್ನು ತೆಗೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಸಹಿಯಷ್ಟನ್ನೇ ಕಲಿತವರು ನಮ್ಮಲ್ಲಿ ಬಹಳ, ಇವರೂ ಹಾಗೇ ಅಂದುಕೊಂಡೆ.

‘ಆತ್ರಿ ಬಾಯಾರ’ ಎಂದು ಕಾಗದ ವಾಪಸು ಕೊಟ್ಟರು.

ಮಧ್ಯಾಹ್ನ ಮೇಲ್ವಿಚಾರಕರು ಅದನ್ನು ಎರಡು ಸಲ ಓದಿದರು. ‘ಗುರುತು ಹಾಕೀರಲ್ಲ?’ ಅಂದರು. ‘ಆತು ಅಂದ್ರು ಸರ್, ನಂಬಿದೆ’ ಅಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು, ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಕಾರ್ಡಿನ ಕೊನೆಗೆ, ರೋಗಿಯೇ ತಪ್ಪು ಮಾಹಿತಿ ಕೊಟ್ಟು ಚಿಕಿತ್ಸೆ ನಿರಾಕರಿಸಿದ್ದಾನೆ ಎಂದು ಬರೆದು, ಕಾಗದವನ್ನು ಅದಕ್ಕೆ ಪಿನ್ನು ಚುಚ್ಚಿ ಒಯ್ದರು. ನನ್ನ ಮೇಲೆ ಒಂದು ಸಾಲೂ ಬರಲಿಲ್ಲ.

ಗಾದಿಯ ಅಂಗಡಿಗೆ ಆಮೇಲೆ ಯಾರೂ ಅರಳೆ ತರಲಿಲ್ಲ. ಹೊಲಮನೆಯವರು ಬಿಟ್ಟುಹೋದ ಅರಳೆಯನ್ನು ಪಿಂಜಾರರು ತಲೆಯ ಮೇಲೆ ಹೊತ್ತು ಅವರ ಮನೆಗೇ ಮುಟ್ಟಿಸಲು ಹೋದರಂತೆ, ಅಂಗಳದಲ್ಲೇ ನಿಲ್ಲಿಸಿ ಹೊಳ್ಳಿ ಕಳಿಸಿದರಂತೆ. ತಿಂಗಳೊಳಗೆ ಗಂಡ ಹೆಂಡತಿ ಊರು ಬಿಟ್ಟರು. ಎಲ್ಲಿಗೆ ಹೋದರು ಎಂದು ಕೇಳುವುದು ನನ್ನ ಕೆಲಸದಲ್ಲಿ ಸೇರಿತ್ತು, ರೋಗಿ ಊರು ಬಿಟ್ಟರೆ ಅಲ್ಲಿನವರಿಗೆ ಬರೆದು ತಿಳಿಸಬೇಕು. ನಾನು ಕೇಳಲಿಲ್ಲ. ಕೇಳಿದರೆ ಯಾರಾದರೂ ಹೇಳಿಬಿಟ್ಟಾರು ಎಂಬ ಅಂಜಿಕೆ. ಒಂದು ವರ್ಷ ಯಾರು ಕೆಮ್ಮಿದರೂ ಥಟ್ಟನೆ ತಿರುಗಿ ನೋಡುತ್ತಿದ್ದೆ, ಆಮೇಲೆ ಅದೂ ಕಡಿಮೆಯಾಯಿತು. ಮನುಷ್ಯರಿಗೆ ನಾಚಿಕೆಯೂ ಒಗ್ಗಿಹೋಗುತ್ತದೆ, ನನಗೆ ಒಗ್ಗಿತು.

ಪಿಂಜಾರರನ್ನು ಮತ್ತೆ ಕಂಡದ್ದು ಎಂಟೊಂಬತ್ತು ವರ್ಷದ ಮೇಲೆ, ಮುಂಡರಗಿಯ ಬಸ್ ನಿಲ್ದಾಣದಲ್ಲಿ. ನನಗೆ ಆಗಲೇ ಬಡ್ತಿಯಾಗಿ ಅಲ್ಲಿಗೆ ವರ್ಗವಾಗಿತ್ತು. ಮಧ್ಯಾಹ್ನದ ಹೊತ್ತು, ಬಸ್ಸು ಬರುವುದಿತ್ತು. ‘ಬಾಯಾರ ಅಲ್ರಿ?’ ಎಂದು ಯಾರೋ ಹೆಣ್ಣುಮಗಳು ಹತ್ತಿರ ಬಂದರು. ಗುರುತು ಹತ್ತಿದ ಕೂಡಲೇ ನನಗೆ ಓಡಿಹೋಗಬೇಕು ಅನಿಸಿತು. ಅವರ ಹೆಂಡತಿ. ಹಿಂದೆ ಕಲ್ಲುಬೆಂಚಿನ ಮೇಲೆ ಚೀಲ ಹಿಡಿದುಕೊಂಡು ಅವರೂ ಕೂತಿದ್ದರು. ಬದುಕಿದ್ದರು. ಮೊದಲು ಸಮಾಧಾನವಾಯಿತು, ಆ ಸಮಾಧಾನ ಅವರಿಗಾಗಿ ಅಲ್ಲ, ನನಗಾಗಿ ಎಂದು ಅಲ್ಲೇ ತಿಳಿಯಿತು.

ಆಕೆ ಯಾವ ದೂರೂ ಇಲ್ಲದೆ ಎಲ್ಲ ಹೇಳಿದರು. ಊರು ಬಿಟ್ಟವರು ಬೆಟಗೇರಿಯಲ್ಲಿ ತಮ್ಮನ ಮನೆ ಸೇರಿದ್ದರು. ಅಲ್ಲಿ ಕೆಮ್ಮು ಹೊಳ್ಳಿ ಬಂತು, ಈ ಸಲ ರಕ್ತ ಬಿತ್ತು. ಹಳೆಯ ಗುಳಿಗೆಗೆ ಬಗ್ಗದೆ ಎರಡು ತಿಂಗಳು ಸೂಜಿ ಮಾಡಿಸಿಕೊಳ್ಳಬೇಕಾಯಿತು.

‘ಸೂಜಿಯಿಂದ ಜೀವ ಉಳೀತ್ರಿ. ಕಿವಿ ಹೋದ್ವು. ಈಗ ಭಾಳ ಜೋರಾಗಿ ಅಂದ್ರ ಅಷ್ಟ ಕೇಳ್ತೈತಿ. ನೇಕಾರರ ಮನ್ಯಾಗ ಇಬ್ರೂ ಕಂಡಿಕಿಗೆ ನೂಲು ಸುತ್ತತೀವ್ರಿ, ಹೊಟ್ಟಿಗೆ ಅಡ್ಡಿಯಿಲ್ಲ’ ಅಂದರು.

ಆ ಸೂಜಿ ಕಿವಿಯನ್ನು ಕೆಡಿಸಬಲ್ಲದು ಎಂದು ನಾನು ಓದಿದ್ದೆ. ನನ್ನ ಪೆಟ್ಟಿಗೆಯ ಗುಳಿಗೆ ಮುಗಿದಿದ್ದರೆ ಆ ಸೂಜಿಯೇ ಬೇಕಾಗುತ್ತಿರಲಿಲ್ಲ ಎಂಬುದೂ ಗೊತ್ತಿತ್ತು.

ಅಷ್ಟರಲ್ಲಿ ಅವರು ನನ್ನನ್ನು ನೋಡಿದರು. ಮುಖ ಅರಳಿತು. ಚೀಲ ಬದಿಗಿಟ್ಟು ಎದ್ದು ಬಂದು ಸಲಾಮು ಮಾಡಿದರು. ಗಡ್ಡ ಪೂರಾ ನರೆತಿತ್ತು. ತಮ್ಮ ದನಿ ತಮಗೇ ಕೇಳದವರು ಮಾತಾಡುವ ಹಾಗೆ, ಇಡೀ ನಿಲ್ದಾಣಕ್ಕೆ ಕೇಳುವಷ್ಟು ಜೋರಾಗಿ ಕೇಳಿದರು.

‘ಬಾಯಾರ, ನೌಕರಿ ಉಳೀತೇನ್ರಿ ನಿಮ್ಮದು?’

ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನಗೆ ಏನೂ ತಿಳಿಯಲಿಲ್ಲ. ನಾನು ಹೆಂಡತಿಯ ಮುಖ ನೋಡಿದೆ.

‘ಆ ಕಾಗದದ ಮಾತು ಕೇಳಾಕತ್ತಾರ್ರಿ’ ಅಂದರು ಆಕೆ, ಮೆಲ್ಲಗೆ. ‘ಅವತ್ತ ಸಹಿ ತಗೊಂಡು ಹೋದ್ರಲ್ಲ.’

‘ಅದರಾಗ ಏನ ಬರದಿತ್ತಂತ ಅವರಿಗೆ...’

‘ಗೊತ್ತಿತ್ರಿ. ಅವರು ಕನ್ನಡ ಸಾಲ್ಯಾಗ ಏಳನೇತ್ತ ಮಟ ಓದ್ಯಾರ. ನೀವು ಹೋದ ಮ್ಯಾಲ ಅಕ್ಷರ ಬಿಡದ ನನಗ ಹೇಳಿದ್ರು. ನಾ ಭಾಳ ಬೈದೆ, ಇಂಥಾದ್ಕ ಯಾಕ ಸಹಿ ಹಾಕಿದ್ರಿ ಅಂತ. ಮ್ಯಾಲಿನವರ ಜೀಪು ಬಂದೈತಿ, ಎರಡು ಮಕ್ಕಳದಾವ ಆ ತಂಗಿಗೆ, ನೌಕರಿ ಹೋದ್ರ ಏನ ಮಾಡ್ಯಾಳು ಅಂದ್ರು.’

ಅವರು ಇನ್ನೂ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದರು, ಉತ್ತರಕ್ಕೆ. ಹೇಳಬೇಕಾದದ್ದು ಬೇರೆ ಏನೇನೋ ಇತ್ತು.

‘ಉಳೀತ್ರಿ ಅಣ್ಣಾರ’ ಅಂದೆ.

ಅವರು ಕಿವಿಯ ಹಿಂದೆ ಕೈಯಿಟ್ಟು ಮುಂದಕ್ಕೆ ಬಾಗಿದರು. ಕೇಳಿಸಿರಲಿಲ್ಲ. ಮಂದಿಯೆಲ್ಲ ನೋಡುತ್ತಿದ್ದರು. ನಾನು ಅದನ್ನೇ ಇನ್ನೊಮ್ಮೆ, ಕೂಗಿ ಹೇಳಬೇಕಾಯಿತು.